3,500 ಡಾಲರ್ ಸೋತವರಿಗೆ 7,640 ಡಾಲರ್ ತೆರಿಗೆ: ಇಲಿನಾಯ್‌ನ ಒಂದು ಬೆಟ್ಟಿಂಗ್ ಪ್ರಕರಣ

ಶಿಕಾಗೊ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ತೆರಿಗೆ ರಿಟರ್ನ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. 2025ರ ಫೆಬ್ರವರಿಯಲ್ಲಿ ಬಂದ ಒಂದು ಕೇಸನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಲೆಕ್ಕದ ದಾರಿ ಮಾತ್ರ ಇದ್ದ ಹಾಗೆಯೇ ಇದೆ. ಅವರನ್ನು ಎಂ ಎಂದು ಕರೆಯೋಣ.

ಎಂ ಸಾಫ್ಟ್‌ವೇರ್ ಎಂಜಿನಿಯರ್, ಎಚ್-1ಬಿ ವೀಸಾ. ವರ್ಷಕ್ಕೆ 1,45,000 ಡಾಲರ್ ಸಂಬಳ. ಹೆಂಡತಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಇಲ್ಲ. ಒಂದು ಮಗು, ಬಾಡಿಗೆ ಮನೆ, ಗ್ರೀನ್ ಕಾರ್ಡಿನ ಉದ್ದನೆಯ ಕ್ಯೂ. ಇಂಥ ಮನೆಯ ರಿಟರ್ನ್ ನನಗೆ ಅರ್ಧ ಗಂಟೆಯ ಕೆಲಸ. ಆ ಸಲ ಮಾತ್ರ ಸಂಬಳದ ಕಾಗದದ ಜೊತೆ ಇನ್ನೊಂದು ಕಾಗದ ಇತ್ತು. ಡಬ್ಲ್ಯೂ-2ಜಿ. ಜೂಜಿನಲ್ಲಿ ದೊಡ್ಡ ಮೊತ್ತ ಗೆದ್ದಾಗ ಬರುವ ಫಾರಂ.

2024ರಲ್ಲಿ ಅವರು 10 ಡಾಲರಿನ ಒಂದು ಪಾರ್ಲೇ ಹಾಕಿದ್ದರು. ಪಾರ್ಲೇ ಅಂದರೆ ಹಲವು ಪಂದ್ಯಗಳ ಫಲಿತಾಂಶವನ್ನು ಒಂದೇ ಸ್ಲಿಪ್‌ನಲ್ಲಿ ಪೋಣಿಸುವುದು. ಒಂದು ತಪ್ಪಿದರೂ ಎಲ್ಲಾ ಹೋಯ್ತು. ಅವರದ್ದು ಎಲ್ಲವೂ ಸರಿ ಬಿತ್ತು. 6,200 ಡಾಲರ್ ಲಾಭ. ಆಗಿನ ನಿಯಮದಲ್ಲಿ ಗೆಲುವು 600 ಡಾಲರ್ ದಾಟಿ, ಜೊತೆಗೆ ಹಾಕಿದ್ದರ 300 ಪಟ್ಟು ಆದರೆ ಕಂಪನಿ ಫಾರಂ ಕೊಡಬೇಕು. 5,000 ದಾಟಿದರೆ 24% ಕಡಿದುಕೊಂಡೇ ಕೊಡಬೇಕು. ಹಾಗೆ ಕೇಂದ್ರಕ್ಕೆ 1,488, ರಾಜ್ಯಕ್ಕೆ 307 ಡಾಲರ್ ಮೊದಲೇ ಹೋಗಿತ್ತು.

"ಸರ್, ಈ ದುಡ್ಡು ವಾಪಸ್ ಬರುತ್ತೆ ಅಲ್ವಾ? ಇಡೀ ವರ್ಷ ಲೆಕ್ಕ ಹಾಕಿದ್ರೆ ನಾನು 3,500 ಸೋತಿದ್ದೀನಿ" ಎಂದರು. ಸಮಸ್ಯೆ ಶುರುವಾದದ್ದು ಈ ಪ್ರಶ್ನೆಯಿಂದ.

ಆಟ ಯಾರದ್ದು, ಖಜಾನೆ ಯಾರದ್ದು

ಊರಲ್ಲಿ ಕ್ರಿಕೆಟ್ ಬೆಟ್ಟಿಂಗ್ ಅಂದರೆ ಪೊಲೀಸರ ವಿಷಯ. ಅಮೆರಿಕದಲ್ಲೂ ಬಹುಕಾಲ ಹಾಗೇ ಇತ್ತು. 1992ರ ಒಂದು ಕೇಂದ್ರ ಕಾನೂನು ನೆವಾಡದಂಥ ಕೆಲವೇ ಕಡೆ ಬಿಟ್ಟು ಉಳಿದ ರಾಜ್ಯಗಳ ಕೈ ಕಟ್ಟಿತ್ತು. ನ್ಯೂಜೆರ್ಸಿ ವರ್ಷಗಟ್ಟಲೆ ಹೋರಾಡಿತು. 2018ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಬೆಟ್ಟಿಂಗ್ ಒಳ್ಳೆಯದು ಎಂದು ಕೋರ್ಟ್ ಹೇಳಲಿಲ್ಲ. ರಾಜ್ಯಗಳು ಇಂಥ ಕಾನೂನು ಮಾಡಬಾರದು ಎಂದು ಕೇಂದ್ರ ಅಪ್ಪಣೆ ಕೊಡುವ ಹಾಗಿಲ್ಲ ಎಂದಿತು, ಅಷ್ಟೆ. ಅಲ್ಲಿಂದ ಮುಂದೆ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ.

ನೆವಾಡ ಕಂಪನಿಯ ಆದಾಯದಲ್ಲಿ 6.75% ತೆಗೆದುಕೊಳ್ಳುತ್ತದೆ. ನ್ಯೂಯಾರ್ಕ್ 2022ರ ಜನವರಿಯಲ್ಲಿ ಮೊಬೈಲ್ ಬೆಟ್ಟಿಂಗ್ ಬಿಟ್ಟಾಗ 51% ಇಟ್ಟಿತು. ಅರ್ಧಕ್ಕಿಂತ ಜಾಸ್ತಿ! ಇಲಿನಾಯ್ 2019ರಲ್ಲಿ ಕಾನೂನು ಮಾಡಿತು. ಮೊದಲ ಬೆಟ್ ಬಿದ್ದದ್ದು 2020ರ ಮಾರ್ಚ್‌ನಲ್ಲಿ. ದರ 15%. 2024ರ ಜುಲೈನಿಂದ ಅದನ್ನು ಮೆಟ್ಟಿಲು ಮಾಡಿದರು. ಕಂಪನಿ ಚಿಕ್ಕದಾದರೆ 20%, ದೊಡ್ಡದಾದಂತೆ 40%ವರೆಗೆ. ಇದೆಲ್ಲ ಕಂಪನಿಯ ಕೈಯಲ್ಲಿ ಉಳಿದದ್ದರ ಮೇಲೆ. ಇದರ ಜೊತೆ ಕೇಂದ್ರದ ಎಕ್ಸೈಸ್ ತೆರಿಗೆ ಬೇರೆ ಇದೆ. ಬೆಟ್ ಕಟ್ಟಿದ ಪ್ರತಿ 100 ಡಾಲರಿಗೆ 25 ಸೆಂಟ್, ಯಾರು ಗೆದ್ದರೂ ಸೋತರೂ.

ಇದನ್ನು ಕೇಳಿದ ಎಂ ಅವರಿಗೆ ಸಮಾಧಾನವಾಯಿತು. "ಹಾಗಾದ್ರೆ ಟ್ಯಾಕ್ಸ್ ಕಂಪನಿ ಕಟ್ಟಿದೆಯಲ್ಲ ಸರ್, ಮತ್ತೆ ನಾನ್ಯಾಕೆ?"

ಈ ತಪ್ಪು ಕಲ್ಪನೆ ಅವರೊಬ್ಬರದ್ದಲ್ಲ. ಊರಿನ ರೇಸ್ ಕೋರ್ಸ್ ನೋಡಿದವರೂ ಹೀಗೇ ಅಂದುಕೊಳ್ಳುತ್ತಾರೆ. ಕಂಪನಿ ಕಟ್ಟುವುದು ಅದರ ಪಾಲಿನ ಆದಾಯಕ್ಕೆ. ಗೆದ್ದವರ ಗೆಲುವು ಗೆದ್ದವರ ಆದಾಯ. ಅದಕ್ಕೆ ಕೇಂದ್ರವೂ ಕೇಳುತ್ತದೆ, ರಾಜ್ಯವೂ ಕೇಳುತ್ತದೆ.

2,300 ಸಾಲುಗಳು

ಶುರುವಾದದ್ದು ಹೇಗೆ ಎಂದು ಕೇಳಿದೆ. ಐಪಿಎಲ್‌ನಿಂದ. ಅಲ್ಲಿ ಸಂಜೆ ಏಳೂವರೆಗೆ ಪಂದ್ಯ ಶುರುವಾದರೆ ಶಿಕಾಗೊದಲ್ಲಿ ಬೆಳಗ್ಗೆ ಒಂಬತ್ತು. ಆಫೀಸಿನ ಮೊದಲ ಮೀಟಿಂಗ್ ಹೊತ್ತು. ಒಂದು ಪರದೆಯಲ್ಲಿ ಮೀಟಿಂಗ್, ಫೋನಿನಲ್ಲಿ ಆರ್‌ಸಿಬಿ. 2024ರಲ್ಲಿ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯಿತಲ್ಲ, ಆ ಆರು ಪಂದ್ಯ ಅವರನ್ನು ಕೆಡಿಸಿತು ಎಂದು ನನ್ನ ಅನುಮಾನ. ಐಪಿಎಲ್ ಮುಗಿದ ಮೇಲೆ ಬೇಸ್‌ಬಾಲ್, ಸೆಪ್ಟೆಂಬರ್‌ನಿಂದ ಅಮೆರಿಕನ್ ಫುಟ್‌ಬಾಲ್. ಬೇಸ್‌ಬಾಲ್ ನಿಯಮ ಪೂರ್ತಿ ಗೊತ್ತಿಲ್ಲ ಎಂದು ಅವರೇ ನಕ್ಕರು.

ಆ್ಯಪ್‌ನ ವರ್ಷದ ಪಟ್ಟಿ ತೆಗೆಸಿದೆ. ಮೇಲ್ಗಡೆ ದಪ್ಪಕ್ಷರದಲ್ಲಿ "ಒಟ್ಟು ಗೆಲುವು 1,18,000 ಡಾಲರ್". ಎಂ ಮುಖ ಬೆಳ್ಳಗಾಯಿತು. "ಸರ್, ನಾನು ಹಾಕಿದ್ದೇ 9,000. ತೆಗೆದಿದ್ದು, ಆ ಟ್ಯಾಕ್ಸ್ ಕಡಿತ ಸೇರಿ, 5,500. ಇದೆಲ್ಲಿಂದ ಬಂತು?"

ಅದೇ 9,000 ಒಳಗೊಳಗೇ ತಿರುಗಿದ್ದು. ಗೆದ್ದದ್ದನ್ನು ಮತ್ತೆ ಹಾಕಿ, ಮತ್ತೆ ಗೆದ್ದು, ಮತ್ತೆ ಸೋತು, ವರ್ಷದಲ್ಲಿ ಕಟ್ಟಿದ ಬೆಟ್‌ಗಳ ಮೊತ್ತ 1,21,500 ಆಗಿತ್ತು.

ಆದರೆ ಆ 1,18,000 ನನಗೂ ಸರಿ ಕಾಣಲಿಲ್ಲ. ಪ್ರತಿ ಬೆಟ್‌ನ ವಿವರ ಡೌನ್‌ಲೋಡ್ ಮಾಡಿಸಿದೆ. 2,300 ಚಿಲ್ಲರೆ ಸಾಲು. ಮೂರು ರಾತ್ರಿ ಕೂತೆ. ಒಂದು ಸಾಲು ಹೀಗಿತ್ತು: ಬೆಟ್ 110, ಗೆಲುವು 210. ಇದರಲ್ಲಿ 110 ಅವರದ್ದೇ ದುಡ್ಡು ವಾಪಸ್ ಬಂದದ್ದು. ನಿಜವಾದ ಗೆಲುವು 100 ಮಾತ್ರ. ಆ್ಯಪ್‌ನ ಪಟ್ಟಿ ಅಸಲು, ಲಾಭ ಎರಡನ್ನೂ ಸೇರಿಸಿ "ಗೆಲುವು" ಅನ್ನುತ್ತಿತ್ತು. ಪಂದ್ಯ ರದ್ದಾಗಿ ಹಿಂದಿರುಗಿಸಿದ ದುಡ್ಡು ಕೂಡ ಅದರಲ್ಲಿತ್ತು. ಇನ್ನೊಂದು ಕಡೆ, ಕಂಪನಿ ಪುಕ್ಕಟೆ ಕೊಟ್ಟ ಬೋನಸ್ ಬೆಟ್‌ಗಳು. ಅದರಲ್ಲಿ ನಮ್ಮ ಅಸಲು ಇರುವುದಿಲ್ಲ, ಬಂದದ್ದೆಲ್ಲ ಗೆಲುವೇ. ಎಲ್ಲ ಬೇರ್ಪಡಿಸಿದ ಮೇಲೆ ಸಿಕ್ಕಿದ್ದು: ಗೆದ್ದ ಬೆಟ್‌ಗಳ ಲಾಭ 61,000. ಸೋತ ಬೆಟ್‌ಗಳ ಮೊತ್ತ 64,500. ವ್ಯತ್ಯಾಸ, ಅವರು ಹೇಳಿದ ಅದೇ 3,500.

ಈ ಕೇಸಿನ ಮೊದಲ ತಿರುವು ಇದು. ದಪ್ಪಕ್ಷರದ ಅಂಕಿಯನ್ನು ಹಾಗೇ ಫಾರಂಗೆ ಇಳಿಸಿದ್ದರೆ ರಾಜ್ಯದ ತೆರಿಗೆಯೇ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತಿತ್ತು.

ಕಳೆಯಲು ಬಿಡದ ಲೆಕ್ಕ

ಎಂ ಕೇಳಿದ್ದು ಸರಳ. 61,000 ಗೆದ್ದೆ, 64,500 ಸೋತೆ, ಕಳೆದು ಸೊನ್ನೆ ಬರೆಯಿರಿ. ಯಾವ ಕಿರಾಣಿ ಅಂಗಡಿಯವರೂ ಹಾಗೇ ಲೆಕ್ಕ ಮಾಡುತ್ತಾರೆ. ತೆರಿಗೆ ಕಾನೂನು ಮಾಡುವುದಿಲ್ಲ.

ಕೇಂದ್ರದ ರಿಟರ್ನ್‌ನಲ್ಲಿ 61,000 ಪೂರ್ತಿ ಆದಾಯಕ್ಕೆ ಸೇರುತ್ತದೆ. 1,45,000 ಇದ್ದದ್ದು 2,06,000 ಆಯಿತು. ಸೋಲನ್ನು ಕಳೆಯಬಹುದು, ಆದರೆ ಬೇರೆ ಪುಟದಲ್ಲಿ, ಷೆಡ್ಯೂಲ್ ಎ ಯಲ್ಲಿ, ಗೆದ್ದಷ್ಟರ ಮಟ್ಟಿಗೆ ಮಾತ್ರ. ಆ ಪುಟ ಹಿಡಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಡಬೇಕು. 2024ರಲ್ಲಿ ಗಂಡಹೆಂಡತಿಗೆ ಸೇರಿ ಅದು 29,200 ಡಾಲರ್. ಏನೂ ಕೇಳದೆ ಸಿಗುವ ರಿಯಾಯಿತಿ. ಸ್ವಂತ ಮನೆಯ ಸಾಲ ಇದ್ದವರಿಗೆ ಅದನ್ನು ಬಿಟ್ಟರೂ ಬಡ್ಡಿಯಿಂದ ಸ್ವಲ್ಪ ತುಂಬುತ್ತದೆ. ಎಂ ಬಾಡಿಗೆ ಮನೆಯವರು. ಅವರ ಹತ್ತಿರ ಇದ್ದದ್ದು ರಾಜ್ಯಕ್ಕೆ ಕಟ್ಟಿದ ಸುಮಾರು 7,000, ದೇವಸ್ಥಾನಕ್ಕೆ ಕೊಟ್ಟ 1,200. ಒಟ್ಟು 8,200. ಅಂದರೆ 61,000ದಷ್ಟು ಸೋಲನ್ನು ಲೆಕ್ಕದಲ್ಲಿ ಕಳೆಯಲು ಹೋಗಿ 21,000ದ ರಿಯಾಯಿತಿ ಕೈಬಿಟ್ಟಿತು. ಅವರ ಹಂತದಲ್ಲಿ 22% ದರ. 4,620 ಡಾಲರ್.

ಇಲಿನಾಯ್ ಇನ್ನೂ ಗಟ್ಟಿ. ಈ ರಾಜ್ಯ ಕೇಂದ್ರದ ರಿಟರ್ನ್‌ನ ಒಟ್ಟು ಆದಾಯವನ್ನು ಎತ್ತಿಕೊಂಡು ಅಲ್ಲಿಂದ ಶುರು ಮಾಡುತ್ತದೆ. ಷೆಡ್ಯೂಲ್ ಎ ಯಂಥ ಪುಟವೇ ಇದಕ್ಕಿಲ್ಲ. ಜೂಜಿನ ಸೋಲು ಕಳೆಯಲು ಜಾಗವೇ ಇಲ್ಲ. 61,000ಕ್ಕೆ 4.95%, 3,020 ಡಾಲರ್.

ಎರಡೂ ಸೇರಿ 7,640. ವರ್ಷಪೂರ್ತಿ ಆಡಿ 3,500 ಸೋತವರ ಮೇಲೆ. ಮೊದಲೇ ಕಡಿದದ್ದನ್ನು ತೆಗೆದರೆ ಇನ್ನೂ 5,845 ಬಾಕಿ. 1,488 ವಾಪಸ್ ಕೇಳಲು ಬಂದವರು ಅವರು.

ನ್ಯೂಜೆರ್ಸಿಯಲ್ಲಿ ಅವರ ಕಾಲೇಜು ಗೆಳೆಯರೊಬ್ಬರು ಇದ್ದಾರೆ. ಅವರೂ ಆಡುತ್ತಾರೆ. ಆ ರಾಜ್ಯದ ರಿಟರ್ನ್‌ನಲ್ಲಿ ಅದೇ ವರ್ಷದ ಗೆಲುವಿನಿಂದ ಸೋಲನ್ನು ಕಳೆದು ಉಳಿದದ್ದನ್ನು ತೋರಿಸಿದರೆ ಸಾಕು. ಇದೇ 2,300 ಸಾಲು ಅಲ್ಲಿ ಬಿದ್ದಿದ್ದರೆ ರಾಜ್ಯದ ತೆರಿಗೆ ಸೊನ್ನೆ. ಕೇಂದ್ರದ್ದು ಮಾತ್ರ ಎಲ್ಲಿದ್ದರೂ ತಪ್ಪದು. ನನ್ನ ಮಟ್ಟಿಗೆ ನ್ಯೂಜೆರ್ಸಿಯದ್ದೇ ನ್ಯಾಯದ ಲೆಕ್ಕ. ಸೋತ ದುಡ್ಡು ಕಂಪನಿಯ ಆದಾಯವಾಗಿ ಇಲಿನಾಯ್‌ಗೆ ಒಮ್ಮೆ ತೆರಿಗೆ ತಂದಿದೆ. ಅದನ್ನು ಸೋತವರ ಲೆಕ್ಕದಲ್ಲಿ ಕಳೆಯಲು ಮಾತ್ರ ಬಿಡುವುದಿಲ್ಲ.

ಹುಡುಕಿದ ಎರಡು ದಾರಿ

ಒಂದು ದಾರಿಯನ್ನು ಅವರೇ ಓದಿಕೊಂಡು ಬಂದಿದ್ದರು. ವೃತ್ತಿಪರ ಜೂಜುಗಾರ ಎಂದು ತೋರಿಸಿದರೆ ಬೆಟ್ಟಿಂಗ್ ಒಂದು ವ್ಯಾಪಾರವಾಗುತ್ತದೆ. ಗೆಲುವು ಸೋಲು ಅಲ್ಲೇ ಕಳೆದು, ರಾಜ್ಯಕ್ಕೆ ಹೋಗುವ ಅಂಕಿಯೂ ಇಳಿಯುತ್ತದೆ. ಕಾಗದದ ಮೇಲೆ ಚೆಂದ. 1987ರಲ್ಲಿ ನಾಯಿ ರೇಸಿನ ಮೇಲೆ ಆಡಿಕೊಂಡಿದ್ದ ಒಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಆದರೆ ಅವರು ಪೂರ್ಣಾವಧಿ, ಜೀವನೋಪಾಯಕ್ಕಾಗಿ ಆಡಿದವರು. ಎಂ ಅವರಿಗೆ ದಿನಕ್ಕೆ ಎಂಟು ಗಂಟೆಯ ನೌಕರಿ ಇದೆ. ಅದಕ್ಕಿಂತ ದೊಡ್ಡ ತೊಡಕು ವೀಸಾ. ಎಚ್-1ಬಿ ಅಂದರೆ ವೀಸಾಗೆ ಅರ್ಜಿ ಹಾಕಿದ ಮಾಲೀಕನಿಗೆ ಮಾತ್ರ ಕೆಲಸ. ಇನ್ನೊಂದು ವ್ಯಾಪಾರ ನನಗಿದೆ ಎಂದು ಸರ್ಕಾರಕ್ಕೇ ಸಹಿ ಹಾಕಿ ಕೊಡುವುದು ಸುಮ್ನೆ ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಂಡ ಹಾಗೆ. ಆ ದಾರಿ ಅಲ್ಲಿಗೇ ಮುಚ್ಚಿತು.

ಇನ್ನೊಂದು ದಾರಿ ವಾಟ್ಸಾಪ್ ಗುಂಪಿನದ್ದು. "ಸರ್, ಸರ್ಕಾರಕ್ಕೆ ಹೋಗಿರೋ ಫಾರಂ 6,200ಕ್ಕೆ ಮಾತ್ರ. ಉಳಿದದ್ದು ಯಾರಿಗೂ ಗೊತ್ತಿಲ್ಲ. ಅಷ್ಟನ್ನೇ ತೋರಿಸಿದ್ರೆ?"

ಇದನ್ನು ಕೇಳುವವರು ಬೇಕಾದಷ್ಟು ಜನ. ಊರಿನ ಬುಕ್ಕಿಯ ಚೀಟಿ ನೋಡಿ ಬೆಳೆದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಇಲ್ಲಿನ ಕಾನೂನುಬದ್ಧ ಬೆಟ್ಟಿಂಗ್‌ನಲ್ಲಿ ಕತ್ತಲೆ ಇಲ್ಲ. ಖಾತೆ ತೆರೆಯುವಾಗಲೇ 21 ವರ್ಷ ಆಗಿದೆಯೇ, ನೀವು ನೀವೇ ಹೌದೇ ಎಂದು ಪರಿಶೀಲಿಸುತ್ತಾರೆ. ಪ್ರತಿ ಬೆಟ್ ಹಾಕುವಾಗ ಫೋನ್ ಇಲಿನಾಯ್ ಗಡಿಯೊಳಗೇ ಇದೆಯೇ ಎಂದು ನೋಡುತ್ತಾರೆ. ರಾಜ್ಯದ ಗೇಮಿಂಗ್ ಬೋರ್ಡ್ ಯಾವ ಆಟಕ್ಕೆ ಬೆಟ್ ಬಿಡಬಹುದು ಎಂದು ಹೇಳುತ್ತದೆ. ಇಲಿನಾಯ್‌ನ ಕಾಲೇಜು ತಂಡಗಳ ಮೇಲೆ ಫೋನಿನಿಂದ ಆಡುವ ಹಾಗೇ ಇಲ್ಲ. ಇಷ್ಟು ಹದ್ದುಬಸ್ತಿನ ವ್ಯವಹಾರದಲ್ಲಿ 2,300 ಸಾಲು ಕಂಪನಿಯ ಬಳಿ ಸಮಯ, ಸ್ಥಳ ಸಮೇತ ಕೂತಿದೆ. ಮೇಲಾಗಿ ಆ ಸಾಲುಗಳನ್ನು ನಾನೇ ನೋಡಿದ್ದೇನೆ. ನೋಡಿದ ಮೇಲೆ ನೋಡಿಲ್ಲ ಎಂದು ಸಹಿ ಹಾಕಲಾರೆ ಎಂದೆ.

ಎಂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಸರಿ ಸರ್, ಕಟ್ತೀನಿ. ಮನೆಯಲ್ಲಿ ಗೊತ್ತಾಗದ ಹಾಗೆ ಮಾಡೋಕಾಗುತ್ತಾ?"

ಆಗ ನನಗೆ ನಿಜವಾದ ಸಮಸ್ಯೆ ಏನೆಂದು ತಿಳಿಯಿತು. ಅವರದ್ದು ಜಂಟಿ ರಿಟರ್ನ್. ಇಬ್ಬರೂ ಸಹಿ ಹಾಕಬೇಕು. ತೆರಿಗೆ ಬಾಕಿಗೆ ಇಬ್ಬರೂ ಹೊಣೆ. ಹೆಂಡತಿಗೆ ಹೇಳದೆ ಅವರ ಸಹಿ ತೆಗೆದುಕೊಳ್ಳುವುದು ನನ್ನಿಂದ ಆಗದ ಕೆಲಸ. "ನೀವೇ ಹೇಳಿ. ಇಬ್ಬರೂ ಬನ್ನಿ. ಲೆಕ್ಕ ನಾನು ವಿವರಿಸ್ತೀನಿ" ಎಂದು ಕಳಿಸಿದೆ. ಮೂರು ವಾರ ಪತ್ತೆಯಿಲ್ಲ. ಬೇರೆಯವರ ಹತ್ತಿರ ಹೋದರು ಅಂದುಕೊಂಡೆ.

ಮಾರ್ಚ್ ಕೊನೆಗೆ ಇಬ್ಬರೂ ಬಂದರು. ಆಕೆ ಕೂತವರೇ ಕಾಗದ ತಮ್ಮ ಕಡೆ ಎಳೆದುಕೊಂಡರು. 61,000 ಎಂಬ ಅಂಕಿಯ ಮೇಲೆ ಬೆರಳಿಟ್ಟು, "ಅಣ್ಣಾ, ಇಷ್ಟು ದುಡ್ಡು ನಮ್ಮನೆಗೆ ಬಂದೇ ಇಲ್ಲ" ಎಂದರು. ಬಂದಿಲ್ಲ ಎಂದೆ. ಬಾರದ ದುಡ್ಡಿಗೆ ತೆರಿಗೆ ಯಾಕೆ ಎಂದು ಮತ್ತೊಮ್ಮೆ ಮೊದಲಿಂದ ವಿವರಿಸಿದೆ. ವಾಟ್ಸಾಪ್ ಗುಂಪಿನ ದಾರಿಯನ್ನು ಎಂ ಮತ್ತೆ ಎತ್ತಿದರು. ಆಕೆ ಗಂಡನ ಕಡೆ ತಿರುಗಲೂ ಇಲ್ಲ. "ಗ್ರೀನ್ ಕಾರ್ಡ್ ಬರೋ ಹೊತ್ತಿಗೆ ಇದನ್ನ ಯಾರಾದ್ರೂ ತೆಗೆದು ಕೇಳಿದ್ರೆ? ಇದ್ದದ್ದು ಇದ್ದ ಹಾಗೆ ಹಾಕಿ ಅಣ್ಣಾ" ಎಂದರು. ಮೊದಲು ಸಹಿ ಹಾಕಿದ್ದು ಆಕೆಯೇ.

ಕೇಂದ್ರದ ಬಾಕಿ ಉಳಿತಾಯದಿಂದ ಹೋಯಿತು. ರಾಜ್ಯದ್ದಕ್ಕೆ ಕಂತು ಮಾಡಿಸಿದೆವು. ಹಿಂದಿನ ವರ್ಷದ ತೆರಿಗೆಯಷ್ಟು ಸಂಬಳದಲ್ಲೇ ಕಡಿತವಾಗಿದ್ದರಿಂದ ಮುಂಗಡ ಕಟ್ಟದ ದಂಡ ಬೀಳಲಿಲ್ಲ. ಇಡೀ ಕೇಸಿನಲ್ಲಿ ಅದೊಂದೇ ಸಿಹಿ ಸುದ್ದಿ.

ನಾನು ಬದಲಿಸಿಕೊಂಡದ್ದು

ಈಗ ಎಲ್ಲರನ್ನೂ ಫೆಬ್ರವರಿಯಲ್ಲಿ ಅಲ್ಲ, ಹಿಂದಿನ ಸೆಪ್ಟೆಂಬರ್‌ನಲ್ಲೇ ಕೇಳುತ್ತೇನೆ: ಬೆಟ್ಟಿಂಗ್ ಆ್ಯಪ್ ಇದೆಯಾ? ಫಾರಂ ಬಂದಿದೆಯಾ ಎಂದು ಕೇಳುವುದು ತಪ್ಪು ಪ್ರಶ್ನೆ. ಆ ಒಂದು ಪಾರ್ಲೇ ಗೆಲ್ಲದಿದ್ದರೆ ಎಂ ಅವರಿಗೆ ಯಾವ ಫಾರಮ್ಮೂ ಬರುತ್ತಿರಲಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ. ಆ್ಯಪ್‌ನ ವರ್ಷದ ಸಾರಾಂಶವನ್ನು ನಂಬದೆ ಸಾಲು ಸಾಲಾಗಿ ಇರುವ ಪಟ್ಟಿಯನ್ನೇ ಕೇಳುತ್ತೇನೆ. ಖಾತೆ ಮುಚ್ಚುವ ಮೊದಲು ಅದನ್ನು ಇಳಿಸಿಕೊಳ್ಳಿ ಎನ್ನುತ್ತೇನೆ. ಗಂಡಹೆಂಡತಿ ಇಬ್ಬರನ್ನೂ ಮೊದಲ ದಿನವೇ ಕೂರಿಸುತ್ತೇನೆ. ಆ ಮೂರು ವಾರದ ಮೌನ ನನ್ನ ತಪ್ಪೂ ಹೌದು. ಅವರನ್ನು ಒಬ್ಬರನ್ನೇ ಆ ಅಂಕಿಗಳ ಜೊತೆ ಮನೆಗೆ ಕಳಿಸಬಾರದಿತ್ತು.

ನಿಯಮಗಳು ಮಾತ್ರ ನಿಂತ ಕಡೆ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ಇಲಿನಾಯ್ ಪ್ರತಿ ಬೆಟ್‌ಗೂ ಒಂದು ತೆರಿಗೆ ತಂದಿತು. ಒಂದು ಕಂಪನಿಯ ವರ್ಷದ ಮೊದಲ 2 ಕೋಟಿ ಬೆಟ್‌ಗೆ ತಲಾ 25 ಸೆಂಟ್, ಆಮೇಲಿನವಕ್ಕೆ 50 ಸೆಂಟ್. ಹಿಂದಿನ ವರ್ಷ ಡ್ರಾಫ್ಟ್‌ಕಿಂಗ್ಸ್ ಎಂಬ ಬೆಟ್ಟಿಂಗ್ ಕಂಪನಿ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿ ಗೆದ್ದವರಿಂದ ಹೆಚ್ಚುವರಿ ಶುಲ್ಕ ಹಿಡಿಯುತ್ತೇನೆ ಎಂದು ಹೇಳಿ, ಎದುರಾಳಿ ಕಂಪನಿ ಫ್ಯಾನ್‌ಡ್ಯುಯೆಲ್ ಜೊತೆಗೆ ಬಾರದೆ ಹೋದದ್ದರಿಂದ ಎರಡೇ ವಾರದಲ್ಲಿ ಹಿಂದೆ ಸರಿದಿತ್ತು. ಈ ಸಲ ಇಬ್ಬರೂ ಸೆಪ್ಟೆಂಬರ್ 1ರಿಂದ ಪ್ರತಿ ಬೆಟ್‌ಗೆ 50 ಸೆಂಟ್ ಆಟಗಾರರಿಂದಲೇ ಹಿಡಿಯಲು ಶುರು ಮಾಡಿದರು. 500 ಡಾಲರ್ ಕಟ್ಟುವವರಿಗೆ ಅದು ಲೆಕ್ಕಕ್ಕಿಲ್ಲ. 5 ಡಾಲರ್ ಕಟ್ಟುವವರಿಗೆ ಹತ್ತನೇ ಒಂದು ಪಾಲು. ದೊಡ್ಡ ಕಂಪನಿಯ ಮೇಲೆ ಹಾಕಿದ ತೆರಿಗೆ ಚಿಕ್ಕ ಸ್ಲಿಪ್‌ನ ಮೇಲೆ ಬಂದು ಕೂತಿತು.

ಎಂ ಆ ತಿಂಗಳು ಫೋನ್ ಮಾಡಿದ್ದರು. ಗಡಿ ದಾಟಿ ಇಂಡಿಯಾನಕ್ಕೆ ಹೋಗಿ ಆಡಿದರೆ ಆ 50 ಸೆಂಟ್ ಇಲ್ಲ ಅಲ್ವಾ ಎಂದು. ಇಲ್ಲ ಎಂದೆ. ಆದರೆ ಅಲ್ಲಿ ಗೆದ್ದದ್ದನ್ನು ಇಲಿನಾಯ್‌ಗೂ ತೋರಿಸಬೇಕು, ಇಂಡಿಯಾನವೂ ತನ್ನ ಪಾಲು ಕೇಳುತ್ತದೆ ಎಂದೆ. ಸೋಲು ಕಳೆಯಲು ಅಲ್ಲೂ ಬಿಡುವುದಿಲ್ಲ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

ಇನ್ನೊಂದನ್ನೂ ಆಗಲೇ ಹೇಳಿದೆ. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನಿನ ಪ್ರಕಾರ 2026ರಿಂದ ಸೋಲಿನ 90% ಮಾತ್ರ ಕಳೆಯಬಹುದು. ಅವರ 2024ರ ಅಂಕಿಯನ್ನೇ ಇಟ್ಟು ನೋಡಿದರೆ 64,500ರಲ್ಲಿ 58,050 ಮಾತ್ರ ಲೆಕ್ಕಕ್ಕೆ ಬರುತ್ತದೆ. 61,000 ಗೆಲುವಿನಲ್ಲಿ ಅದನ್ನು ಕಳೆದು ಉಳಿದ 2,950 ಇಲ್ಲದ ಲಾಭ, ಅದಕ್ಕೂ ತೆರಿಗೆ.

2026ರ ಫೆಬ್ರವರಿಯಲ್ಲಿ ಇಬ್ಬರೂ ಮತ್ತೆ ಬಂದರು. ಈ ಸಲ ಆ್ಯಪ್‌ನಲ್ಲಿ ತಿಂಗಳಿಗೆ 100 ಡಾಲರ್ ಮಾತ್ರ ಹೊಸದಾಗಿ ತುಂಬುವ ಮಿತಿ ಹಾಕಿಸಿದ್ದು ಆಕೆ. ಪಟ್ಟಿಯನ್ನೂ ಆಕೆಯೇ ಇಳಿಸಿ ತಂದಿದ್ದರು. ಜೂನ್ 3ರ ಸಾಲಿಗೆ ಹಳದಿ ಬಣ್ಣ ಬಳಿದಿತ್ತು. ಆರ್‌ಸಿಬಿ ಕಪ್ ಗೆದ್ದ ದಿನ. ವರ್ಷದ ಗೆಲುವು 9,000, ಸೋಲು 8,600. ಎಂ ಮುಖದಲ್ಲಿ ಸಣ್ಣ ಹೆಮ್ಮೆ. "ಈ ಸಲ 400 ಲಾಭ ಸರ್."

ನಾನು ಕ್ಯಾಲ್ಕುಲೇಟರ್ ತೆಗೆದೆ. 8,600 ಸೋಲಿಗೆ ಅವರ ಹಳೆಯ 8,200 ಸೇರಿಸಿದರೂ 16,800. 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ 31,500. ಅದನ್ನು ಬಿಟ್ಟು ಈ ಪುಟ ಹಿಡಿಯುವ ಮಾತೇ ಇಲ್ಲ. ಹಾಗಾಗಿ ಸೋಲಿನ ಒಂದು ಡಾಲರೂ ಕೆಲಸಕ್ಕೆ ಬರಲಿಲ್ಲ. 9,000ಕ್ಕೆ ಕೇಂದ್ರದ 22%, 1,980. ಇಲಿನಾಯ್‌ನ 4.95%, 446. ಒಟ್ಟು 2,426.

ಕಾಗದವನ್ನು ಅವರ ಕಡೆ ತಿರುಗಿಸಿದೆ. ಆಕೆ ಓದಿ, ಪೆನ್ನು ತೆಗೆದು, ಸಹಿ ಹಾಕಿ, ಗಂಡನ ಮುಂದೆ ತಳ್ಳಿದರು.